ಲುಕ್ರೀಶಿಯಾ ಸಾಕು, ಕ್ಲೀಲಿಯಾಳನ್ನು ತೋರಿಸಿ

ಹಳೆಯ ಪುಸ್ತಕಗಳ ಚಿತ್ರಗಳಲ್ಲಿ ರೋಮ್‌ನ ಹೆಣ್ಣೆಂದರೆ ಎದೆಗೆ ಕಠಾರಿ ಇರಿದುಕೊಳ್ಳುವ ಲುಕ್ರೀಶಿಯಾ. ಅತ್ಯಾಚಾರವೆಸಗಿದ್ದು ರಾಜಕುಮಾರ, ಪ್ರಾಣ ಬಿಟ್ಟದ್ದು ಮಾತ್ರ ಇವಳು. ಪುಸ್ತಕಗಳಿಗೆ ಚಿತ್ರ ಬರೆದೇ ಹೊಟ್ಟೆ ಹೊರೆದ ನನಗೆ ಈ ಪುನರಾವರ್ತನೆ ಬರೀ ಸೋಮಾರಿತನವಾಗಿ ಕಾಣುತ್ತದೆ. ಕಠಾರಿ ಇದ್ದರೆ ಅರ್ಧ ಚಿತ್ರ ತಾನಾಗಿಯೇ ಮುಗಿದಂತೆ!

1473ರಲ್ಲಿ ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಯೋಹಾನ್ ಝೈನರ್ ಎಂಬ ಮುದ್ರಕ, ಪ್ರಸಿದ್ಧ ಸ್ತ್ರೀಯರ ಬಗ್ಗೆ ಇಟಲಿಯ ಲೇಖಕ ಬೊಕಾಚಿಯೋ ಬರೆದ ಪುಸ್ತಕವನ್ನು ಮರದಚ್ಚಿನ ಚಿತ್ರಗಳೊಂದಿಗೆ ಹೊರತಂದ. ದಪ್ಪ ಗೆರೆ, ನೆರಳು ಕಡಿಮೆ. ಕೆಲವು ಪ್ರತಿಗಳಿಗೆ ಆಮೇಲೆ ಕೈಯಿಂದ ಬಣ್ಣ ಹಚ್ಚಿದ್ದಾರೆ. ರೋಮ್‌ನವರಿಗೆಲ್ಲ ಜರ್ಮನ್ ಉಡುಪು. ಇರಲಿ, ಅದರಲ್ಲೇನೂ ತಪ್ಪಿಲ್ಲ.

ಆ ಪುಸ್ತಕದಲ್ಲಿ ಲುಕ್ರೀಶಿಯಾಳ ಜೊತೆ ಕ್ಲೀಲಿಯಾಳೂ ಇದ್ದಾಳೆ. ರೋಮ್‌ನ ಶತ್ರುವಾಗಿದ್ದ ಪೋರ್ಸೆನ ರಾಜನ ಬಳಿ ಒತ್ತೆಯಾಳಾಗಿದ್ದ ಹುಡುಗಿ, ಜೊತೆಯವರನ್ನು ಕರೆದುಕೊಂಡು ಟೈಬರ್ ನದಿ ದಾಟಿ ಪಾರಾದವಳು. ಶತ್ರುಗಳು ಈಟಿ ಎಸೆಯುತ್ತಿದ್ದರೂ ಈಜಿದಳು ಎನ್ನುತ್ತಾನೆ ಇತಿಹಾಸಕಾರ ಲಿವಿ. ಬೊಕಾಚಿಯೋ ಅವಳಿಗೊಂದು ಕುದುರೆಯನ್ನೂ ಕೊಟ್ಟಿದ್ದಾನೆ. ಆದರೂ ಅವಳ ಹೆಸರು ಎಷ್ಟು ಜನಕ್ಕೆ ಗೊತ್ತು? ಸತ್ತವಳಿಗೆ ಸಿಕ್ಕ ಪ್ರಚಾರ ಬದುಕಿ ಬಂದವಳಿಗೆ ಸಿಗಲಿಲ್ಲ.

ರೋಮ್‌ನ ಕಥೆಗಳನ್ನು ಈಗ ಅಚ್ಚು ಹಾಕುವವರು ಮುಖಪುಟಕ್ಕೆ ಇವಳನ್ನೇ ಹಾಕಲಿ. ಓಡಿಬಂದವಳನ್ನು ರೋಮ್ ವಾಪಸ್ ಕಳಿಸಿತು. ಮೆಚ್ಚಿದ ಪೋರ್ಸೆನ, ಒತ್ತೆಯಾಳುಗಳಲ್ಲಿ ಬೇಕಾದವರನ್ನು ಕರೆದುಕೊಂಡು ಹೋಗೆಂದ. ಅವಳು ಆರಿಸಿಕೊಂಡದ್ದು ಚಿಕ್ಕ ಹುಡುಗರನ್ನು. ನಾನಾದರೆ ಆ ದೃಶ್ಯವನ್ನೇ ಬರೆಯುತ್ತಿದ್ದೆ.