ಜಿಲ್ಲೆಯಾದರೆ ಸಾಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿಸಿ ಮಧುಗಿರಿ ಜಿಲ್ಲೆ ಮಾಡಿ ಎಂಬ ಕೂಗು ಹಳೆಯದು. ಅದಕ್ಕೆ ಕಾರಣವೂ ಇದೆ. ಪಾವಗಡದವರು ಒಂದು ಸಹಿಗಾಗಿ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಹೋಗಬೇಕೆಂದರೆ ಸುಮಾರು 100 ಕಿಲೋಮೀಟರ್. ಅಂದಿನ ಕೂಲಿ ಹೋಯಿತು. ಸಾಹೇಬರು ಮೀಟಿಂಗಿನಲ್ಲಿದ್ದರೆ ಮರುದಿನದ್ದೂ ಹೋಯಿತು. ಆದರೆ ಈ ನಾಲ್ಕೂ ತಾಲ್ಲೂಕುಗಳಿಗೆ ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿ ಈಗಲೇ ಇದೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಪ್ರತ್ಯೇಕ ಜಿಲ್ಲೆಯೂ ಹೌದು. ಹಾಗಿದ್ದೂ ಎಸ್ಸೆಸ್ಸೆಲ್ಸಿ ದಾಟಿದ ಹುಡುಗರು ಬೆಂಗಳೂರಿನ ಬಸ್ಸು ಹತ್ತುವುದು ನಿಂತಿಲ್ಲ.

ಶಿರಾಕ್ಕಿಂತ ದೊಡ್ಡ ಪಟ್ಟ ಇನ್ಯಾವ ಊರಿಗೆ ಸಿಕ್ಕೀತು? 1687ರಲ್ಲಿ ಅದು ಮೊಗಲರ ಸುಬಾದ ರಾಜಧಾನಿಯಾಯಿತು. ಮುಂದೆ ಟಿಪ್ಪು ಇಲ್ಲಿಂದ 12 ಸಾವಿರ ಮನೆತನಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಬಳಿಯ ಗಂಜಾಂಗೆ ಸಾಗಿಸಿದನೆಂದು ಗೆಜೆಟಿಯರ್ ಬರೆದಿದೆ. ದರ್ಬಾರು ಬಂದಾಗ ತುಂಬಿದ ಊರು, ದರ್ಬಾರು ಎದ್ದಾಗ ಬರಿದಾಯಿತು. ಉಳಿದದ್ದು 1696ರ ಜುಮ್ಮಾ ಮಸೀದಿ, ಹಿಂದೆ ಶಿರಾ ಆಳಿದ ಮಲಿಕ್ ರಿಹಾನನ ಗೋರಿ, ಕೋಟೆಯ ಕಂದಕ.

ಹಾಗಾದರೆ ದೊಡ್ಡ ಬಂಡವಾಳ ಬಂದರೆ? ಅದೂ ಬಂತು. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ ಸೋಲಾರ್ ಪಾರ್ಕ್ ಎದ್ದಿತು, 2018ರಲ್ಲಿ ಉದ್ಘಾಟನೆ. ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಬಿತ್ತಿ ಸೋತವರಿಗೆ ಇದು ನಿಜಕ್ಕೂ ಆಸರೆ. ಜಮೀನು ಕಳೆದುಕೊಳ್ಳದೆ ಬಾಡಿಗೆ ಬರುವ ಈ ಏರ್ಪಾಡು ನಮ್ಮಲ್ಲಿ ಅಪರೂಪ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ, ಕಡ್ಲೆಕಾಯಿ ಬಿಡಿಸುತ್ತಿದ್ದವಳಿಗೆ, ಕುರಿ ಮೇಯಿಸುತ್ತಿದ್ದವನಿಗೆ ಪಹಣಿ ಎಲ್ಲಿಂದ ಬರಬೇಕು? ಬಿಸಿಲು ಹೀರುವ ಗಾಜಿಗೆ ಕಳೆ ಕೀಳುವ ಕೆಲಸ ಅಷ್ಟಾಗಿ ಇಲ್ಲ. ಧೂಳು ಒರೆಸಲು, ಕಾವಲು ಕಾಯಲು ಹೊಲಕ್ಕೆ ಬೇಕಿದ್ದಷ್ಟು ಜನ ಬೇಕಿಲ್ಲ.

ನೀರಿನ ಕಥೆಯೂ ಇದರ ಅಣ್ಣತಮ್ಮ. ಪಾವಗಡದ ಕೊಳವೆಬಾವಿಯಲ್ಲಿ ಫ್ಲೋರೈಡ್. ಕುಡಿಯಲು ತುಂಗಭದ್ರೆಯ ದಾರಿ ಕಾಯಬೇಕಾಯಿತು. ಕೋಲಾರ, ಚಿಕ್ಕಬಳ್ಳಾಪುರದತ್ತ ಹರಿಯಬೇಕಾದ ಎತ್ತಿನಹೊಳೆ ಯೋಜನೆಯ ನೀರಿಗೆ ಕೊರಟಗೆರೆಯ ಭೈರಗೊಂಡ್ಲು ಬಳಿ ಜಲಾಶಯ ಕಟ್ಟಲು ಹೊರಟಾಗ ಮುಳುಗುವ ಭಯ ಬಿದ್ದದ್ದು ಇಲ್ಲಿನ ಹಳ್ಳಿಗಳ ಮೇಲೆ. ನಮ್ಮ ಜಯಮಂಗಲಿ ನದಿ ಮಾತ್ರ ಮರಳು ತೋರಿಸುತ್ತ ಮಲಗಿದೆ.

ಜಿಲ್ಲೆ ಆಗಲಿ, ಬೇಡವೆನ್ನಲು ನನಗೆ ಕಾರಣವಿಲ್ಲ, ಪಾವಗಡದವರ ಬಸ್‌ಚಾರ್ಜಾದರೂ ಉಳಿದೀತು. ಆದರೆ ಜಿಲ್ಲೆ ಕೇಳುವ ಮನವಿಯಲ್ಲಿ ಇನ್ನೊಂದು ಸಾಲು ಸೇರಲಿ: ತಿರುಮಣಿಯಿಂದ ಹೊರಡುವ ಒಂದೊಂದು ಯೂನಿಟ್ಟಿಗೂ ಇಷ್ಟು ಪೈಸೆ ಎಂದು ಆ ಪಂಚಾಯಿತಿಗಳಿಗೆ ಬರಬೇಕು, ಅದನ್ನು ಪಹಣಿ ಇಲ್ಲದವರ ಕೂಲಿಗೆ, ಕೆರೆಯ ಹೂಳಿಗೆ ಖರ್ಚು ಮಾಡಬೇಕು. ಇದಕ್ಕೆ ಹೊಸ ಡಿಸಿ ಆಫೀಸು ಏಳುವ ತನಕ ಕಾಯಬೇಕಿಲ್ಲ.