ತಂತ್ರಾಂಶ ಕೊಂಡರೆ ಸಾಲದು, ವಾರ್ಡಿನ ಮೇಲ್ವಿಚಾರಕಿಯೂ ಸಜ್ಜಾಗಬೇಕು

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಜನರು ಕ್ಲಿಷ್ಟ ಕಾಯಿಲೆಗಳಿಗೆ ಮಣಿಪಾಲಕ್ಕೆ ತೆರಳಿದರೂ, ಜ್ವರ, ಹೆರಿಗೆ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳಿಗೆ ಊರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದಾರೆ. ಈ ಆಸ್ಪತ್ರೆಗಳಲ್ಲೂ ಬಿಲ್ಲು, ಔಷಧ ದಾಸ್ತಾನು, ವಿಮೆಯ ಕ್ಲೇಮುಗಳೆಲ್ಲ ಕಂಪ್ಯೂಟರಿಗೆ ಏರುತ್ತಿವೆ. ತಂತ್ರಾಂಶಕ್ಕೆ ಹಣ ತೊಡಗಿಸುವ ಆಡಳಿತವು, ಅದಕ್ಕೆ ದಿನವಿಡೀ ಮಾಹಿತಿ ಒದಗಿಸುವ ಶುಶ್ರೂಷಾ ಮೇಲ್ವಿಚಾರಕಿಯ ತರಬೇತಿಗೂ ಅಷ್ಟೇ ಗಮನ ನೀಡಬೇಕಾದುದು ಅಗತ್ಯ.

ಗೇರುಬೀಜ ಕಾರ್ಖಾನೆಗೆ ಹೊಸ ಯಂತ್ರ ತರಿಸಿದ ಉದ್ಯಮಿ ಮೊದಲು ಅದನ್ನು ನಡೆಸುವವರಿಗೆ ಕೆಲಸ ಕಲಿಸುತ್ತಾನೆ. ಆಸ್ಪತ್ರೆಯಲ್ಲಿ ಮಾತ್ರ, ಆರೈಕೆಯಲ್ಲಿ ನುರಿತ ಹಿರಿಯ ದಾದಿಗೆ ಆಡಳಿತವೂ ತಾನಾಗಿಯೇ ಒಲಿಯುತ್ತದೆಂದು ಭಾವಿಸಲಾಗುತ್ತದೆ. ಇವೆರಡೂ ಬೇರೆ ಬೇರೆ ವಿದ್ಯೆಗಳು.

ವಿಮೆಯ ವಿಚಾರವನ್ನೇ ನೋಡಬಹುದು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ವಿಮಾ ಕಂಪೆನಿಯು 1 ಗಂಟೆಯೊಳಗೆ ತೀರ್ಮಾನಿಸಬೇಕು. ಬಿಡುಗಡೆಯ ವೇಳೆ ಅಂತಿಮ ಒಪ್ಪಿಗೆಯನ್ನು 3 ಗಂಟೆಯೊಳಗೆ ನೀಡಬೇಕು. ಆದರೆ ಈ 3 ಗಂಟೆಗಳ ಲೆಕ್ಕ ಆರಂಭವಾಗುವುದು ಆಸ್ಪತ್ರೆಯ ಕೋರಿಕೆ ಕಂಪೆನಿಗೆ ತಲುಪಿದ ಮೇಲೆ. ಬಳಸಿದ ಹಾಗೂ ಹಿಂತಿರುಗಿಸಿದ ಔಷಧಗಳ, ಮಾಡಿಸಿದ ಪರೀಕ್ಷೆಗಳ ದಾಖಲೆ ವಾರ್ಡಿನಲ್ಲೇ ಬಾಕಿಯಿದ್ದರೆ ಕೋರಿಕೆಯೇ ಹೊರಡದು. ರೋಗಿ ಕಾಯಬೇಕಾಗುತ್ತದೆ, ಜೊತೆಗಿದ್ದವರ ಒಂದು ದಿನದ ದುಡಿಮೆ ಹೋಗುತ್ತದೆ, ಆಸ್ಪತ್ರೆಗೆ ಹಾಸಿಗೆಯೂ ತೆರವಾಗದು.

ಆದುದರಿಂದ ಮೇಲ್ವಿಚಾರಕಿಗೆ ಕೆಲವು ಕೌಶಲಗಳು ಅನಿವಾರ್ಯ. ಮೊದಲನೆಯದು, ಆಯಾ ಹೊತ್ತಿನ ದಾಖಲೆಯನ್ನು ಆಯಾ ಹೊತ್ತಿಗೇ ಬರೆಸುವ ಶಿಸ್ತು. ಎರಡನೆಯದು ದಾಸ್ತಾನಿನ ಲೆಕ್ಕ. ಅವಧಿ ಮೊದಲು ಮುಗಿಯುವ ಔಷಧ ಮೊದಲು ಬಳಕೆಯಾಗಬೇಕೆಂಬುದು ವರ್ತಕರಿಗೆ ಹೊಸದಲ್ಲ. ಮೂರನೆಯದು ಹೊಣೆಗಾರಿಕೆ. ಒಂದೇ ಪಾಸ್‌ವರ್ಡನ್ನು ಇಡೀ ವಾರ್ಡು ಬಳಸಿದರೆ ಇಂಜೆಕ್ಷನ್ ಕೊಟ್ಟವರಾರೆಂದು ದಾಖಲೆ ಹೇಳಲಾರದು. ಸಹಿಯಿಲ್ಲದ ವೋಚರಿಗೂ ಅದಕ್ಕೂ ಭೇದವಿಲ್ಲ. ನಾಲ್ಕನೆಯದು ಗೌಪ್ಯತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹಂತಹಂತವಾಗಿ ಜಾರಿಗೊಳ್ಳುತ್ತಿರುವಾಗ, ರೋಗಿಯ ವರದಿಯನ್ನು ಮೊಬೈಲಿನಲ್ಲಿ ಮನಬಂದಂತೆ ಹಂಚುವಂತಿಲ್ಲ.

ಕೊನೆಯದು, ಕಂಪ್ಯೂಟರ್ ಕೈಕೊಟ್ಟಾಗ ಕಾಗದದ ಮೇಲೆ ಕೆಲಸ ಸಾಗಿಸುವ ಸಿದ್ಧತೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ ಅಲ್ಲಿನ ಸೇವೆ ದಿನಗಟ್ಟಲೆ ಕೈಬರಹವನ್ನೇ ಅವಲಂಬಿಸಬೇಕಾಯಿತು. ಆಷಾಢದ ಗಾಳಿಮಳೆಗೆ ವಿದ್ಯುತ್ತು ಕಡಿದುಹೋಗುವ ಕರಾವಳಿಗೆ ಇದು ದೂರದ ಮಾತಲ್ಲ.

ತರಬೇತಿ ಪಡೆದವರು ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆಂಬ ಆಡಳಿತದ ಅಳಲಿನಲ್ಲಿ ಸತ್ಯವಿದೆ. ಆದರೆ ಹೊಣೆಯನ್ನಷ್ಟೇ ಹೆಚ್ಚಿಸಿ ಸಂಬಳವನ್ನು ಹೆಚ್ಚಿಸದಿದ್ದರೆ ಯಾವ ಉದ್ಯಮದಲ್ಲೂ ನುರಿತವರು ನಿಲ್ಲರು. ತಂತ್ರಾಂಶ ಕೊಳ್ಳುವ ಮುನ್ನ ಮೇಲ್ವಿಚಾರಕಿಯ ಅಭಿಪ್ರಾಯ ಕೇಳುವುದು, ಕಲಿಕೆಯ ವೇಳೆಯನ್ನು ಕರ್ತವ್ಯದ ವೇಳೆಯೆಂದೇ ಪರಿಗಣಿಸುವುದು, ಒಬ್ಬರು ಬಿಟ್ಟುಹೋದರೂ ಮುಂದಿನವರಿಗೆ ದಾರಿ ತಿಳಿಯುವಂತೆ ಕಾರ್ಯವಿಧಾನವನ್ನು ಕನ್ನಡದಲ್ಲಿ ಬರೆದಿಡುವುದು, ಇವಾವುವೂ ದೊಡ್ಡ ಖರ್ಚಿನವಲ್ಲ.

ಸಣ್ಣ ಆಸ್ಪತ್ರೆಯೊಂದು ಒಂಟಿಯಾಗಿ ಮಾಡಲಾಗದುದನ್ನು ಹಲವು ಕೂಡಿ ಮಾಡಬಹುದು. ಮೂರೂ ತಾಲೂಕುಗಳ ವಾಣಿಜ್ಯ ಸಂಘಟನೆಗಳು ಮಣಿಪಾಲದ ನರ್ಸಿಂಗ್ ಕಾಲೇಜಿನಂತಹ ಸಂಸ್ಥೆಗಳ ನೆರವು ಕೋರಿ ಅಲ್ಪಾವಧಿಯ ಶಿಬಿರಗಳನ್ನು ಏರ್ಪಡಿಸಲು ಮುಂದಾಗಬೇಕು. ದಾಸ್ತಾನು, ಲೆಕ್ಕಪತ್ರಗಳ ಪಾಠಕ್ಕೆ ಅನುಭವಿ ವರ್ತಕರೇ ಸಾಕು. ವರ್ತಕರ, ಕಾರ್ಮಿಕರ ಮನೆಮಂದಿ ಕಾಯಿಲೆ ಬಿದ್ದಾಗ ಸೇರುವುದೂ ಇದೇ ವಾರ್ಡುಗಳಿಗೆ ಎಂಬುದನ್ನು ಮರೆಯಲಾಗದು.