ಮಕ್ಕಳ ಹೆಸರು ಹೇಳಿಕೊಂಡು ಬಂದ ಸೈನ್ಯ

ಮಕ್ಕಳನ್ನು ಕಾಪಾಡುತ್ತೇವೆ ಎಂದು ಸರಕಾರ ಹೇಳಿದಾಗ ಬೇಡ ಎನ್ನುವುದಕ್ಕೆ ಗಟ್ಟಿ ಗುಂಡಿಗೆ ಬೇಕು. 2007ರಲ್ಲಿ ಆಸ್ಟ್ರೇಲಿಯಾದ ಕೆಲವು ಹೆಂಗಸರಿಗೆ ಅದು ಇತ್ತು.

ಆ ವರ್ಷದ ಜೂನ್ 21ರಂದು ಪ್ರಧಾನಿ ಜಾನ್ ಹೋವರ್ಡ್ ಮತ್ತು ಸಚಿವ ಮ್ಯಾಲ್ ಬ್ರಫ್ ನಾರ್ದರ್ನ್ ಟೆರಿಟರಿಯಲ್ಲಿ ತುರ್ತು ಪರಿಸ್ಥಿತಿ ಎಂದು ಘೋಷಿಸಿದರು. ಅಬೊರಿಜಿನಲ್ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಪ್ಯಾಟ್ ಆಂಡರ್ಸನ್ ಮತ್ತು ರೆಕ್ಸ್ ವೈಲ್ಡ್ ಬರೆದ ವರದಿ ಆಗಷ್ಟೇ ಹೊರಬಂದಿತ್ತು. ಅದರಲ್ಲಿ 97 ಶಿಫಾರಸುಗಳಿದ್ದವು. ಮೊದಲನೆಯದೇ, ಏನು ಮಾಡುವುದಿದ್ದರೂ ಆ ಸಮುದಾಯಗಳನ್ನು ಪ್ರಾಮಾಣಿಕವಾಗಿ ಕೇಳಿ ಮಾಡಿ ಎಂದಿತ್ತು. ಸರಕಾರ ಕೇಳಲಿಲ್ಲ, ಸೈನ್ಯ ಕಳಿಸಿತು. ಆಗಸ್ಟ್ 7ರಂದು ಮಂಡಿಸಿದ ಐದು ಮಸೂದೆಗಳು ಕೆಳಮನೆಯಲ್ಲಿ ಅದೇ ದಿನ ಪಾಸಾದವು. ವಿರೋಧ ಪಕ್ಷವಾದ ಲೇಬರ್ ಕೂಡ ಕೈ ಎತ್ತಿತು.

ಆಮೇಲೆ ಆದದ್ದೇನು? 73 ಸಮುದಾಯಗಳಲ್ಲಿ ಸರಕಾರಿ ಭತ್ಯೆ ಪಡೆಯುವವರ ಅರ್ಧ ಹಣಕ್ಕೆ ಕಡಿವಾಣ ಬಿತ್ತು. ಕುಡಿಯುವವರಿಗೂ ಅದೇ, ಜನ್ಮದಲ್ಲಿ ಹನಿ ಮುಟ್ಟದ ಅಜ್ಜಿಗೂ ಅದೇ. ಮುಂದೆ ಆ ಹಣ 'ಬೇಸಿಕ್ಸ್ ಕಾರ್ಡ್'ಗೆ ಹೋಯಿತು. ಸರಕಾರ ಒಪ್ಪಿದ ಅಂಗಡಿಯಲ್ಲಿ ಮಾತ್ರ ಅದು ನಡೆಯುತ್ತಿತ್ತು. ಹಳ್ಳಿಗಳ ಜಮೀನನ್ನು ಐದು ವರ್ಷ ಕಡ್ಡಾಯ ಗುತ್ತಿಗೆಗೆ ತೆಗೆದುಕೊಂಡರು. ಊರ ಬಾಗಿಲಲ್ಲಿ ಮದ್ಯ, ಅಶ್ಲೀಲ ಚಿತ್ರ ನಿಷೇಧ ಎಂದು ದೊಡ್ಡ ಫಲಕ ನೆಟ್ಟರು. ಒಳಗಿರುವ ಗಂಡಸರೆಲ್ಲ ಅಪರಾಧಿಗಳು ಎಂದು ದಾರಿಹೋಕನಿಗೂ ಸಾರಿದ ಹಾಗಾಯಿತು.

ಇದೆಲ್ಲ ನಡೆಯಬೇಕಾದರೆ 1975ರ ಜನಾಂಗೀಯ ತಾರತಮ್ಯ ನಿಷೇಧ ಕಾಯಿದೆ ಅಡ್ಡಬರುತ್ತಿತ್ತು. ಅದನ್ನು ಈ ಕ್ರಮಗಳ ಮಟ್ಟಿಗೆ ಬದಿಗಿಟ್ಟರು. ಓದುಗರೆ, ಇಲ್ಲಿಗೆ ವಲಸೆ ಬಂದ ಕನ್ನಡಿಗರಾದ ನಮಗೆ ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ಅನ್ಯಾಯವಾದರೆ ನಾವು ಹಿಡಿಯುವ ಕೊಡೆಯೂ ಅದೇ ಕಾಯಿದೆ. ನಮ್ಮ ತಲೆಯ ಮೇಲೆ ಬಿಚ್ಚಿಟ್ಟ ಕೊಡೆಯನ್ನು ಈ ನೆಲದ ಮೂಲ ಒಡೆಯರ ತಲೆಯ ಮೇಲಿಂದ ಕಿತ್ತುಕೊಂಡರು.

ಎದ್ದು ನಿಂತವರಲ್ಲಿ ಯುಟೋಪಿಯಾದ ರೋಸಲಿ ಕುನೋತ್-ಮಾಂಕ್ಸ್ ಒಬ್ಬರು. 1955ರ 'ಜೆಡ್ಡಾ' ಚಿತ್ರದ ನಾಯಕಿ, ಆಮೇಲೆ ಹಿರಿಯಜ್ಜಿ. ಆಲಿಸ್ ಸ್ಪ್ರಿಂಗ್ಸ್‌ನ ಮೌಂಟ್ ನ್ಯಾನ್ಸಿ ಶಿಬಿರದ ಬಾರ್ಬರಾ ಶಾ ಇನ್ನೊಬ್ಬರು. 1997ರಲ್ಲಿ ಭೂಮಿ ಹಕ್ಕಿಗಾಗಿ ಹುಟ್ಟಿದ್ದ 'ವಿಮೆನ್ ಫಾರ್ ವಿಕ್' ಗುಂಪಿನವರು ಮತ್ತೆ ಸೇರಿ, ಸರಕಾರದ ಒಂದೊಂದು ಹೆಜ್ಜೆಯ ಮೇಲೂ ಕಣ್ಣಿಟ್ಟರು. ಮೆಲ್ಬರ್ನಿನ 'ಕನ್ಸರ್ನ್ಡ್ ಆಸ್ಟ್ರೇಲಿಯನ್ಸ್' ಸ್ವಯಂಸೇವಕರು 2009ರ ಸರಕಾರಿ ಸಮಾಲೋಚನಾ ಸಭೆಗಳಲ್ಲಿ ಹಿರಿಯರು ಆಡಿದ ಮಾತುಗಳನ್ನು ಪುಸ್ತಕವಾಗಿಸಿ ಹಂಚಿದರು. ಈ ಕೆಲಸದಲ್ಲಿ ನಾನು ಮೆಚ್ಚುವುದು ಇದನ್ನೇ. ಅವರು ಯಾರ ಪರವಾಗಿಯೂ ತಾವೇ ಮಾತಾಡಲಿಲ್ಲ. ಆಡಿದವರ ಮಾತು ಕಳೆದುಹೋಗದಂತೆ ನೋಡಿಕೊಂಡರು.

'ಹಾಗಾದರೆ ಮಕ್ಕಳ ನೋವು ಸುಳ್ಳೇ?' ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಬೆಸ್ ಪ್ರೈಸ್‌ರಂಥ ವಾರ್ಲ್‌ಪಿರಿ ಮಹಿಳೆಯೇ ಈ ಕ್ರಮವನ್ನು ಬೆಂಬಲಿಸಿದರು. ಅವರ ಆತಂಕ ಹಗುರವಾದದ್ದಲ್ಲ. ಆದರೆ ವರದಿ ಬರೆದ ಪ್ಯಾಟ್ ಆಂಡರ್ಸನ್ ಅವರೇ, ಸರಕಾರ ಮಾಡಿದ್ದಕ್ಕೂ ತಮ್ಮ ಶಿಫಾರಸುಗಳಿಗೂ ಸಂಬಂಧವಿಲ್ಲ ಎಂದರಲ್ಲ, ಅದಕ್ಕೇನು ಉತ್ತರ? ಅಮ್ಮನ ಕೈಯಿಂದ ದುಡ್ಡು ಕಿತ್ತುಕೊಂಡರೆ ಮಗುವಿನ ಹೊಟ್ಟೆ ತುಂಬುವುದಿಲ್ಲ. ಆದಾಯ ನಿಯಂತ್ರಣ ಜಾರಿಯಾದ ಕಾಲದಲ್ಲಿ ನವಜಾತ ಶಿಶುಗಳ ತೂಕ ಇಳಿಯಿತೆಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಮುಂದೆ ತೋರಿಸಿತು. ಮಕ್ಕಳಿಗಾಗಿ ತಂದ ಕಾನೂನಿನ ಲೆಕ್ಕವನ್ನು ತಕ್ಕಡಿಯೇ ಹೇಳಿತು.

2009ರಲ್ಲಿ ವಿಶ್ವಸಂಸ್ಥೆಯ ಜೇಮ್ಸ್ ಅನಾಯಾ ಬಂದು ನೋಡಿ, ಇದು ಜನಾಂಗೀಯ ತಾರತಮ್ಯವೇ ಎಂದರು. ಕಾಯಿದೆ ಮರಳಿತು. ಆದರೂ 2012ರಲ್ಲಿ 'ಸ್ಟ್ರಾಂಗರ್ ಫ್ಯೂಚರ್ಸ್' ಎಂಬ ಹೊಸ ಹೆಸರಿನಲ್ಲಿ ಹಳೆಯ ಕ್ರಮಗಳಲ್ಲಿ ಎಷ್ಟೋ 2022ರವರೆಗೆ ಮುಂದುವರಿದವು. ಮರುವರ್ಷ ಅಕ್ಟೋಬರ್ 14ರಂದು, ಮೂಲನಿವಾಸಿಗಳಿಗೆ ಸಂಸತ್ತಿನಲ್ಲಿ ತಮ್ಮ ಮಾತು ತಲುಪಿಸುವ ಒಂದು ಸಂಸ್ಥೆ ಬೇಕೇ ಎಂದು ಕೇಳಿದಾಗ, ದೇಶದ ಸುಮಾರು ನೂರಕ್ಕೆ 60 ಮಂದಿ ಬೇಡ ಎಂದರು.

ನಮ್ಮ ಸಭೆಗಳನ್ನು ಈ ನೆಲದ ಹಿರಿಯರಿಗೆ ಗೌರವ ಹೇಳಿ ಶುರುಮಾಡುವುದು ಈಗ ವಾಡಿಕೆ. ಗೌರವ ಹೇಳುವುದು ಸುಲಭ, ಎರಡು ಸಾಲು ಸಾಕು. ಆ ಹಿರಿಯರು ಏನಂದರು ಎಂದು ಕೇಳುವುದಕ್ಕೆ ಮಾತ್ರ ಪುರುಸೊತ್ತು ಬೇಕು. ಸಂಬಳವಿಲ್ಲದ ಆ ಹೆಂಗಸರಿಗೆ ಸಿಕ್ಕ ಪುರುಸೊತ್ತು, ಸಂಬಳ ಪಡೆಯುವ ಸರಕಾರಕ್ಕೂ, ಮತ ಹಾಕುವ ನಮಗೂ ಯಾಕೆ ಸಿಗುವುದಿಲ್ಲ?